ಎಸ್ಸೆಸ್ಸೆಲ್ಸಿಗೂ ಮೊದಲೇ ಮುಗಿದುಹೋಗುವ ಆಯ್ಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆಗಳಲ್ಲಿ ‘ಬಾಲಕಿಯರೇ ಮೇಲುಗೈ’ ಎಂಬ ಸಾಲು ಇದ್ದೇ ಇರುತ್ತದೆ. 2024ರಲ್ಲಿ ಪರೀಕ್ಷೆ ಬರೆದ ಹುಡುಗಿಯರಲ್ಲಿ ಶೇ 81.11 ಮಂದಿ ಪಾಸಾದರು, ಹುಡುಗರಲ್ಲಿ ಶೇ 65.90. ಮರುವರ್ಷ ಒಟ್ಟಾರೆ ಫಲಿತಾಂಶವೇ ಕುಸಿಯಿತು. ಆಗಲೂ ಹುಡುಗಿಯರದು ಶೇ 74, ಹುಡುಗರದು ಶೇ 58ರ ಆಸುಪಾಸು. ದ್ವಿತೀಯ ಪಿಯುಸಿಯಲ್ಲೂ ಇದೇ ಕಥೆ: 2025ರಲ್ಲಿ ಹುಡುಗಿಯರು ಶೇ 77.88, ಹುಡುಗರು ಶೇ 68.20. ವರ್ಷ ಬದಲಾಗುತ್ತದೆ, ಪ್ರಶ್ನೆಪತ್ರಿಕೆಯ ಮಾದರಿ ಬದಲಾಗುತ್ತದೆ, ಈ ಅಂತರ ಮಾತ್ರ ಉಳಿಯುತ್ತದೆ.

ಇದೇ ಹುಡುಗಿಯರನ್ನು ನಾಲ್ಕೈದು ವರ್ಷ ಬಿಟ್ಟು ಹುಡುಕಿದರೆ ಚಿತ್ರ ಬೇರೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2020–21ರ ವರದಿಯ ಪ್ರಕಾರ ದೇಶದ ಎಂಜಿನಿಯರಿಂಗ್ ಪದವಿ ತರಗತಿಗಳಲ್ಲಿ ಹುಡುಗಿಯರು ಶೇ 29 ಮಾತ್ರ. ಇನ್ನೂ ಮುಂದೆ ಹೋಗಿ ದುಡಿಮೆಯ ಲೆಕ್ಕ ತೆಗೆದರೆ, 2023–24ರ ಕಾರ್ಮಿಕ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 78.8 ಮಂದಿ ದುಡಿಯುವವರು ಅಥವಾ ಕೆಲಸ ಹುಡುಕುತ್ತಿರುವವರು. ಹೆಂಗಸರಲ್ಲಿ ಶೇ 41.7. ಈ ಲೆಕ್ಕದಲ್ಲಿ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಂಗಸರು ಸೇರಿದ್ದಾರೆ.

ನಡುವೆ ಏನಾಗುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಹುಡುಗಿಯರಿಗೆ ಅದರಲ್ಲಿ ಆಸಕ್ತಿ ಇರೋದಿಲ್ಲ’. ಹುಡುಗರು ಫೇಲಾದಾಗಲೂ ಹಾಗೇ: ‘ಹುಡುಗರಿಗೆ ಓದಿನಲ್ಲಿ ಆಸಕ್ತಿ ಇಲ್ಲ’. ಹನ್ನೆರಡು, ಹದಿಮೂರು, ಹದಿನಾಲ್ಕರ ಮಕ್ಕಳ ಬಗ್ಗೆ ನಡೆದಿರುವ ಅಧ್ಯಯನಗಳನ್ನು ನಮ್ಮ ಹೈಸ್ಕೂಲುಗಳ ವಾಸ್ತವದ ಜೊತೆ ಇಟ್ಟು ಓದಿದರೆ ಈ ಉತ್ತರ ನಿಲ್ಲುವುದಿಲ್ಲ. ಆ ವಯಸ್ಸಿನ ಮಗು ಹೇಳುವ ಆಸಕ್ತಿ ಬಹುಪಾಲು ಅದು ಹಾಕಿರುವ ಅಂದಾಜು. ನನ್ನಂಥವರಿಗೆ ಏನು ದಕ್ಕೀತು, ಮನೆಯವರು ಎಷ್ಟು ದೂರ ಬಿಟ್ಟಾರು, ನಾಲ್ಕು ಜನ ಏನೆಂದಾರು ಎಂಬ ಅಂದಾಜು. ಅದನ್ನೇ ಹುಟ್ಟುಗುಣವೆಂದು ನಂಬಿ ನಾವು ಮಕ್ಕಳನ್ನು ಕಾಂಬಿನೇಷನ್‌ಗಳಿಗೆ ಹಂಚುತ್ತಿದ್ದೇವೆ.

ಮಕ್ಕಳು ಏನಾಗಬೇಕು ಎನ್ನುತ್ತಾರೆ

ಪ್ರಥಮ್ ಸಂಸ್ಥೆಯ ಗ್ರಾಮೀಣ ಶಿಕ್ಷಣ ಸಮೀಕ್ಷೆ ‘ಅಸರ್’ 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಿಗೆ ಹೋಗಿ 14ರಿಂದ 18 ವರ್ಷದ ಮಕ್ಕಳನ್ನು ಮಾತನಾಡಿಸಿತು. ಏನಾಗಬೇಕೆಂದಿದ್ದೀಯ ಎಂಬ ಪ್ರಶ್ನೆಗೆ ಹುಡುಗಿಯರು ಹೆಚ್ಚಾಗಿ ಹೇಳಿದ್ದು ಟೀಚರ್ (ಶೇ 16), ಡಾಕ್ಟರ್ (ಶೇ 14.8). ಹುಡುಗರು ಹೇಳಿದ್ದು ಸೇನೆ (ಶೇ 13.8), ಪೊಲೀಸ್ (ಶೇ 13.6). ಐವರಲ್ಲಿ ಒಬ್ಬರಿಗೆ ಹೇಳಲು ಏನೂ ಇರಲಿಲ್ಲ. ತಾವು ಬಯಸಿದ ಕೆಲಸ ಮಾಡುತ್ತಿರುವ ಯಾರನ್ನಾದರೂ ಮಾದರಿಯಾಗಿ ಇಟ್ಟುಕೊಂಡಿದ್ದೀರಾ ಎಂದು ಕೇಳಿದಾಗ ಅರ್ಧದಷ್ಟು ಮಕ್ಕಳು ಇಲ್ಲವೆಂದರು. ಹಾಗೆಂದವರಲ್ಲಿ ಹುಡುಗಿಯರ ಪಾಲು ಹೆಚ್ಚು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಟೀಚರ್, ಡಾಕ್ಟರ್, ಪೊಲೀಸ್, ಮಿಲಿಟರಿ. ಹಳ್ಳಿಯ ಮಗುವಿಗೆ ಹತ್ತಿರದಿಂದ ಕಾಣಸಿಗುವ ಸಂಬಳದ ಕೆಲಸಗಳೇ ಇವು. ಹೈಸ್ಕೂಲಿನಲ್ಲಿ ದಿನಾ ಎದುರಿಗೆ ನಿಲ್ಲುವ ಟೀಚರ್ ಅದಕ್ಕೆ ಗೊತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಗೊತ್ತು. ರಜೆಗೆ ಬಂದ ಯೋಧನಿಗೆ ಊರು ಕೊಡುವ ಮರ್ಯಾದೆ ಗೊತ್ತು. ಭೂಮಾಪಕ, ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷಕ, ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿ, ವಿದ್ಯುತ್ ಉಪಕೇಂದ್ರದ ಎಂಜಿನಿಯರ್, ಆಪರೇಷನ್ ಥಿಯೇಟರಿನ ತಂತ್ರಜ್ಞ, ಲೆಕ್ಕಪರಿಶೋಧಕಿ ಇಂಥ ಕೆಲಸಗಳು ಇರುವುದೇ ಅದಕ್ಕೆ ಗೊತ್ತಿರುವುದಿಲ್ಲ. ಹೆಸರೇ ಕೇಳಿರದ ಕೆಲಸದ ಮೇಲೆ ಆಸಕ್ತಿ ಹುಟ್ಟುವುದಾದರೂ ಹೇಗೆ?

ಇದು ನಮ್ಮ ಹಳ್ಳಿಗಳಿಗಷ್ಟೇ ಅಂಟಿದ ಕೊರತೆಯಲ್ಲ. ಹಲವು ದೇಶಗಳ 15ರ ವಯಸ್ಸಿನವರ ಕಲಿಕೆ ಅಳೆಯುವ ಪೀಸಾ ಪರೀಕ್ಷೆಯನ್ನು 2018ರಲ್ಲಿ ಬರೆದವರ ಉತ್ತರಗಳನ್ನು, ಅದನ್ನು ನಡೆಸುವ ಶ್ರೀಮಂತ ದೇಶಗಳ ಒಕ್ಕೂಟ ಒಇಸಿಡಿ ಪರಿಶೀಲಿಸಿದಾಗ 41 ದೇಶಗಳಲ್ಲಿ ಹುಡುಗಿಯರಲ್ಲಿ ಶೇ 53, ಹುಡುಗರಲ್ಲಿ ಶೇ 47 ಮಂದಿ ಬರೀ ಹತ್ತು ಕೆಲಸಗಳ ಸುತ್ತಲೇ ಕನಸು ಕಾಣುತ್ತಿದ್ದರು. ಶ್ರೀಮಂತ ದೇಶದ ಮಗುವಿನ ಲೋಕವೂ ಕಿರಿದೇ. ವ್ಯತ್ಯಾಸವೆಂದರೆ ಅಲ್ಲಿ ಹಲವು ಕಡೆ ಮಗುವಿಗೆ ದಾರಿ ಬದಲಿಸಲು ಇನ್ನಷ್ಟು ವರ್ಷ ಅವಕಾಶವಿರುತ್ತದೆ. ನಮ್ಮಲ್ಲಿ ಹತ್ತನೆಯ ತರಗತಿಯಾದ ಒಂದು ತಿಂಗಳೊಳಗೆ ತುಂಬುವ ಪಿಯುಸಿ ಅರ್ಜಿ ಮುಂದಿನ ನಲವತ್ತು ವರ್ಷಗಳನ್ನು ತೀರ್ಮಾನಿಸಿಬಿಡುತ್ತದೆ. ಆರ್ಟ್ಸ್ ತೆಗೆದುಕೊಂಡವಳು ಮತ್ತೆ ಎಂಜಿನಿಯರಿಂಗ್ ಕಡೆ ಬರಲಾರಳು. ಇದೇ ಅಸರ್ ವರದಿಯಲ್ಲಿ ಹನ್ನೊಂದನೆಯ ಮತ್ತು ಅದಕ್ಕಿಂತ ಮೇಲಿನ ತರಗತಿಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಲಾ ವಿಭಾಗದಲ್ಲಿದ್ದರು. ವಿಜ್ಞಾನ–ಗಣಿತದ ವಿಭಾಗದಲ್ಲಿದ್ದವರು ಹುಡುಗರಲ್ಲಿ ಶೇ 36.3, ಹುಡುಗಿಯರಲ್ಲಿ ಶೇ 28.1.

ಬಾಗಿಲು ಮುಚ್ಚಿಕೊಳ್ಳುವ ವಯಸ್ಸು

ಉದ್ಯೋಗದ ಆಯ್ಕೆಯನ್ನು ನಾವು ಆರಿಸಿಕೊಳ್ಳುವ ಕ್ರಿಯೆ ಎಂದು ಭಾವಿಸುತ್ತೇವೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಇದನ್ನು ತಿರುಗಿಸಿ ನೋಡಿದರು. ಅವರ ಪ್ರಕಾರ ಮಕ್ಕಳು ಆರಿಸುವುದಕ್ಕಿಂತ ಮೊದಲು ತೆಗೆದುಹಾಕುತ್ತಾ ಹೋಗುತ್ತಾರೆ. ಆರರಿಂದ ಎಂಟರ ವಯಸ್ಸಿನಲ್ಲಿ ‘ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ’ ಎಂದು ಅರ್ಧದಷ್ಟನ್ನು ಬದಿಗಿಡುತ್ತಾರೆ. ಒಂಬತ್ತರಿಂದ ಹದಿಮೂರರ ನಡುವೆ ‘ಇದು ನಮ್ಮ ಮಟ್ಟಕ್ಕೆ ಕೀಳು, ಇದು ನಮಗೆ ನಿಲುಕದ್ದು’ ಎಂದು ಇನ್ನಷ್ಟನ್ನು. ತನಗೆ ನಿಜವಾಗಿ ಏನಿಷ್ಟ ಎಂದು ಒಳಗೆ ನೋಡಿಕೊಳ್ಳುವುದು ಹದಿನಾಲ್ಕರ ನಂತರ. ಅಷ್ಟರಲ್ಲಿ ಉಳಿದಿರುವ ಕೆಲಸಗಳು ಬೆರಳೆಣಿಕೆ. ಎಂಟನೆಯ ತರಗತಿಯ ಮಗು ಹೇಳುವ ಇಷ್ಟ ಆ ಬೆರಳೆಣಿಕೆಯೊಳಗಿನ ಇಷ್ಟ.

ಆರರ ವಯಸ್ಸು ಎಂಬುದು ಉತ್ಪ್ರೇಕ್ಷೆಯಲ್ಲ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಐದು, ಆರು, ಏಳರ ಮಕ್ಕಳಿಗೆ ತುಂಬಾ ತುಂಬಾ ಬುದ್ಧಿವಂತರೊಬ್ಬರ ಕಥೆ ಹೇಳಿ, ಅದು ಯಾರಿರಬಹುದು ಎಂದು ಕೆಲವು ಗಂಡಸರ, ಹೆಂಗಸರ ಚಿತ್ರ ತೋರಿಸಿ ಕೇಳಿತು. ಐದರ ಹುಡುಗಿಯರು ಹೆಂಗಸರನ್ನು ತೋರಿಸಿದರು, ಹುಡುಗರು ಗಂಡಸರನ್ನು. ಆರು–ಏಳಕ್ಕೆ ಬರುವಷ್ಟರಲ್ಲಿ ಹುಡುಗಿಯರಿಗೆ ತಮ್ಮವರ ಮೇಲಿನ ಆ ನಂಬಿಕೆ ಕುಗ್ಗಿತ್ತು. ‘ತುಂಬಾ ಬುದ್ಧಿವಂತರಿಗಾಗಿ’ ಎಂದು ಹೇಳಿದ ಆಟದಿಂದ ಅವರು ಹಿಂದೆ ಸರಿದರು. ‘ತುಂಬಾ ಕಷ್ಟಪಡುವವರಿಗಾಗಿ’ ಎಂದ ಆಟದಿಂದ ಸರಿಯಲಿಲ್ಲ. ನನ್ನನ್ನು ಕಾಡಿದ್ದು ಇದರೊಳಗಿನ ಇನ್ನೊಂದು ಅಂಶ. ಶಾಲೆಯಲ್ಲಿ ಒಳ್ಳೆಯ ಅಂಕ ಯಾರಿಗೆ ಬರುತ್ತದೆ ಎಂದು ಕೇಳಿದಾಗ ಅದೇ ಹುಡುಗಿಯರು ಹುಡುಗಿಯರನ್ನೇ ತೋರಿಸಿದರು. ಅಂಕ ತಮ್ಮದು, ಬುದ್ಧಿ ಹುಡುಗರದು ಎಂಬ ವಿಂಗಡಣೆ ಒಂದನೆಯ ತರಗತಿಯಲ್ಲೇ ಆಗಿಹೋಗಿತ್ತು. ನಮ್ಮ ಸ್ಟಾಫ್ ರೂಮುಗಳಲ್ಲಿ ಕೇಳಿಬರುವ ‘ಅವಳು ಕಂಠಪಾಠ ಮಾಡಿ ತೆಗೀತಾಳೆ, ಅವನಿಗೆ ತಲೆ ಇದೆ, ಓದಲ್ಲ ಅಷ್ಟೇ’ ಎಂಬ ಮಾತು ಇದೇ ನಂಬಿಕೆಯ ಕನ್ನಡ ರೂಪ. ಆ ಮಾತು ಮಕ್ಕಳ ಕಿವಿಗೂ ಬೀಳುತ್ತದೆ, ಇಬ್ಬರನ್ನೂ ಕೆಡಿಸುತ್ತದೆ. ಹುಡುಗಿ ತನ್ನ ಅಂಕವನ್ನು ನಂಬುವುದಿಲ್ಲ. ಓದದೆಯೂ ತಲೆ ಇದೆ ಎಂದಾದ ಮೇಲೆ ಹುಡುಗನಿಗೆ ಓದುವ ಅಗತ್ಯ ಕಾಣುವುದಿಲ್ಲ.

ವಿಜ್ಞಾನಿಯ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳುವ ಹಳೆಯ ಪರೀಕ್ಷೆಯೂ ಇದನ್ನೇ ತೋರಿಸುತ್ತದೆ. 1966ರಿಂದ 1977ರವರೆಗೆ 4,807 ಮಕ್ಕಳು ಬರೆದ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿಗಳಿದ್ದುದು 28. ಎಲ್ಲವನ್ನೂ ಬರೆದವರು ಹುಡುಗಿಯರು. ನಂತರದ ದಶಕಗಳಲ್ಲಿ ಅಮೆರಿಕದ ಮಕ್ಕಳ ಚಿತ್ರಗಳಲ್ಲಿ ಹೆಂಗಸರ ಪಾಲು ಶೇ 28ರಷ್ಟಾಗಿದೆ. ಬದಲಾವಣೆ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆರರ ವಯಸ್ಸಿನ ಹುಡುಗಿಯರಲ್ಲಿ ಹೆಚ್ಚಿನವರು ಹೆಣ್ಣು ವಿಜ್ಞಾನಿಯನ್ನು ಬರೆದರೆ, ಹದಿನಾರರ ಹೊತ್ತಿಗೆ ನಾಲ್ವರಲ್ಲಿ ಮೂವರು ಗಂಡಸನ್ನೇ ಬರೆಯುತ್ತಿದ್ದರು. ಶಾಲೆಯಲ್ಲಿ ಕಳೆದ ಆ ಹತ್ತು ವರ್ಷ ಏನನ್ನು ಕಲಿಸಿತು ಎಂಬುದನ್ನು ಶಾಲೆಗಳು ಯೋಚಿಸಬೇಕು.

ಆಸಕ್ತಿಯಲ್ಲಿ ವ್ಯತ್ಯಾಸವೇ ಇಲ್ಲವೇ

ಇದೆ, ಗಣನೀಯವಾಗಿಯೇ ಇದೆ. ಇದನ್ನು ಮುಚ್ಚಿಟ್ಟರೆ ವಾದ ಸುಳ್ಳಾಗುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಗಂಡಸರ ಒಲವು ವಸ್ತು–ಯಂತ್ರಗಳ ಕಡೆಗೆ, ಹೆಂಗಸರ ಒಲವು ಜನರೊಡನೆ ಮಾಡುವ ಕೆಲಸದ ಕಡೆಗೆ ಎಂಬುದು ಸ್ಪಷ್ಟವಾಗಿ ಕಂಡಿತು. ಅಂತರ 0.93 ಪ್ರಮಾಣಿತ ವಿಚಲನೆಯಷ್ಟು; ಮನೋವಿಜ್ಞಾನದ ಅಳತೆಯಲ್ಲಿ ಅದು ದೊಡ್ಡದು. ಗಣಿತ, ವಿಜ್ಞಾನಗಳಲ್ಲಿ ಚೆನ್ನಾಗಿ ಅಂಕ ಪಡೆದ 15ರ ಮಕ್ಕಳಲ್ಲೂ ಹೀಗೇ: ಒಇಸಿಡಿ ದೇಶಗಳಲ್ಲಿ ಅಂಥ ಹುಡುಗಿಯರಲ್ಲಿ ಮೂವರಿಗೊಬ್ಬಳು ಆರೋಗ್ಯ ಕ್ಷೇತ್ರ ಬಯಸಿದರೆ ಹುಡುಗರಲ್ಲಿ ಎಂಟರಲ್ಲೊಬ್ಬ. ನಮ್ಮಲ್ಲೂ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ ವಿಭಾಗದ 57.2 ಲಕ್ಷ ವಿದ್ಯಾರ್ಥಿಗಳ ಪೈಕಿ 29.8 ಲಕ್ಷ ಹುಡುಗಿಯರು. ಅಂದರೆ ಹುಡುಗರಿಗಿಂತ ಹೆಚ್ಚು. ವಿಜ್ಞಾನ ಬೇಡ ಎನ್ನುವವರಲ್ಲ ಅವರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾತ್ರ ಅವರ ಸಂಖ್ಯೆ ಇಳಿಯುತ್ತದೆ.

ಹಾಗಾದರೆ ಹುಡುಗಿಯರಿಗೆ ಯಂತ್ರ ಒಗ್ಗುವುದಿಲ್ಲ ಎಂದು ಮುಗಿಸಬಹುದೇ? ಬೆಂಗಳೂರಿನ ಸುತ್ತಮುತ್ತಲನ್ನೇ ನೋಡೋಣ. ಎಚ್‌ಎಂಟಿ ಕೈಗಡಿಯಾರಗಳ ಕೂದಲೆಳೆಯಂಥ ಭಾಗಗಳನ್ನು ಜೋಡಿಸುತ್ತಿದ್ದವರಲ್ಲಿ ದೊಡ್ಡ ಸಂಖ್ಯೆಯವರು ಹೆಂಗಸರು. ಇಂದು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಮೊಬೈಲ್ ಫೋನುಗಳನ್ನು ಜೋಡಿಸುವ ಸಾಲುಗಳಲ್ಲಿ ಕುಳಿತಿರುವವರಲ್ಲೂ ಹಳ್ಳಿಗಳಿಂದ ಬಂದ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಪ್ಲೊಮಾ ಓದಿದ ಹುಡುಗಿಯರೇ ಹೆಚ್ಚು. ದಿನಕ್ಕೆ ಎಂಟು ಗಂಟೆ ಅವರ ಕೈಯಲ್ಲಿರುವುದು ವಸ್ತು, ಎದುರಿಗಿರುವುದು ಯಂತ್ರ. ಸಾಲಿನಲ್ಲಿ ಕೂತು ಜೋಡಿಸುವುದಾದರೆ ಅದು ಹೆಣ್ಣಿನ ಕೆಲಸ. ಕೆಟ್ಟ ಯಂತ್ರವನ್ನು ಬಿಚ್ಚಿ ಸರಿಪಡಿಸುವುದು, ಸಾಲಿನ ಉಸ್ತುವಾರಿ ನೋಡುವುದಾದರೆ ಅದು ಗಂಡಿನ ಕೆಲಸ. ಈ ಗೆರೆಯನ್ನು ಎಳೆದದ್ದು ಒಲವಲ್ಲ. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ತರಗತಿಗೆ ಹುಡುಗಿಯರು ಹೋಗದಿದ್ದುದರ ಫಲ ಇಪ್ಪತ್ತೈದರ ವಯಸ್ಸಿನಲ್ಲಿ ಸಂಬಳದ ವ್ಯತ್ಯಾಸವಾಗಿ ಕಾಣುತ್ತದೆ.

ಕಂಪ್ಯೂಟರ್ ಸೈನ್ಸ್ ಇನ್ನೂ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 1984ರಲ್ಲಿ ಈ ವಿಷಯದ ಪದವೀಧರರಲ್ಲಿ ಹೆಂಗಸರು ಶೇ 37ರಷ್ಟಿದ್ದರು. ಮನೆಗಳಿಗೆ ಕಂಪ್ಯೂಟರ್ ಹುಡುಗರ ಆಟಿಕೆಯಾಗಿ ಬಂದ ಮೇಲೆ ಆ ಪಾಲು ಶೇ 20ಕ್ಕಿಂತ ಕೆಳಗಿಳಿಯಿತು. ಅಲ್ಲಿ ಅದು ಈಗಲೂ ಗಂಡು ಹುಡುಗರ ವಿಷಯ. ಕರ್ನಾಟಕದ ಯಾವ ಎಂಜಿನಿಯರಿಂಗ್ ಕಾಲೇಜಿಗಾದರೂ ಹೋಗಿ: ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್ ತರಗತಿಗಳಲ್ಲಿ ಹುಡುಗಿಯರು ಧಾರಾಳವಾಗಿದ್ದಾರೆ, ಮೆಕ್ಯಾನಿಕಲ್‌ನಲ್ಲಿ ಒಂದು ಬೆಂಚು ತುಂಬಿದರೆ ಹೆಚ್ಚು. ಅದೇ ಗಣಿತ, ಅದೇ ಹುಡುಗಿ. ಬೇರೆಯಾದದ್ದು ಕೆಲಸದ ಜಾಗದ ಬಗ್ಗೆ ಮನೆಯವರಿಗಿರುವ ಕಲ್ಪನೆ. ಕಂಪ್ಯೂಟರ್ ಕೆಲಸವೆಂದರೆ ನೆರಳಿನಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ, ಕಂಪನಿಯ ಬಸ್ಸಿನಲ್ಲಿ ಹೋಗಿಬರುವ, ಮದುವೆ ಮಾತುಕತೆಯಲ್ಲಿ ತೂಕವಿರುವ ಕೆಲಸ. ಮೆಕ್ಯಾನಿಕಲ್ ಎಂದರೆ ಶಾಪ್ ಫ್ಲೋರು, ಶಿಫ್ಟು, ಗಂಡಸರ ನಡುವೆ ಒಬ್ಬಳೇ. ಒಂದೇ ವಿಷಯ ಒಂದು ದೇಶದಲ್ಲಿ ಗಂಡಿನದು, ಇನ್ನೊಂದರಲ್ಲಿ ಇಬ್ಬರದೂ ಆಗಬಲ್ಲದಾದರೆ, ಆ ಆಸಕ್ತಿ ಹುಟ್ಟಿನಿಂದ ಬಂದದ್ದು ಎನ್ನುವುದಕ್ಕೆ ಆಧಾರ ಉಳಿಯುವುದಿಲ್ಲ. ಒಲವಿನ ವ್ಯತ್ಯಾಸದಲ್ಲಿ ಎಷ್ಟು ಹುಟ್ಟಿನದು ಎಂಬ ಚರ್ಚೆ ನಡೆಯುತ್ತಲೇ ಇರಲಿ. ನಮ್ಮ ತರಗತಿಗಳಲ್ಲಿ ಕಾಣುವ ಅಂತರವನ್ನು ಅದರ ತಲೆಗೆ ಕಟ್ಟಲಾಗದು.

ಇನ್ನೊಂದು ವಿವರಣೆ ಇದೆ, ಅದು ನನಗೆ ಒಪ್ಪಿಗೆಯಾಗುತ್ತದೆ. ಪೀಸಾದ 64 ದೇಶಗಳ ಅಂಕಿಅಂಶ ಹಿಡಿದು ಫ್ರಾನ್ಸಿನ ಇಬ್ಬರು ಸಂಶೋಧಕರು 2019ರಲ್ಲಿ ತೋರಿಸಿದ್ದು ಇದು: ಗಣಿತದಲ್ಲಿ ಒಂದೇ ಮಟ್ಟದಲ್ಲಿರುವ ಹುಡುಗ–ಹುಡುಗಿಯರನ್ನು ಹೋಲಿಸಿದರೆ ಹುಡುಗಿ ಭಾಷೆಯಲ್ಲಿ ಮುಂದಿರುತ್ತಾಳೆ. ಹಾಗಾಗಿ ಅವಳು ತನ್ನನ್ನು ಭಾಷೆಯವಳೆಂದು ಎಣಿಸುತ್ತಾಳೆ. ಗಣಿತ ಬಿಟ್ಟು ಬೇರೇನೂ ಬರದ ಹುಡುಗ ತನ್ನನ್ನು ಗಣಿತದವನೆಂದು ಎಣಿಸುತ್ತಾನೆ. ಗಣಿತಕ್ಕೆ ನೂರರಲ್ಲಿ 85, ಕನ್ನಡಕ್ಕೆ 125ರಲ್ಲಿ 120 ತೆಗೆದವಳಿಗೆ ‘ಚೆನ್ನಾಗಿ ಬರೀತೀಯ, ಟೀಚರ್ ಆಗು’ ಎನ್ನುವ ಹಿರಿಯರು, ಗಣಿತಕ್ಕೆ 85, ಕನ್ನಡಕ್ಕೆ 80 ತೆಗೆದವನಿಗೆ ‘ಲೆಕ್ಕ ಚುರುಕು, ಎಂಜಿನಿಯರ್ ಮಾಡ್ಸಿ’ ಎನ್ನುತ್ತಾರೆ. ಹೆಚ್ಚು ಬಲ್ಲವಳಿಗೆ ಆ ಬಲ್ಲತನವೇ ದಾರಿಯನ್ನು ಕಿರಿದು ಮಾಡಿತು.

ಓದುವ ಹಟ ಎಲ್ಲಿಂದ ಬರುತ್ತದೆ

ಪ್ರೇರಣೆಯ ಬಗ್ಗೆ ಬಹುಕಾಲದಿಂದ ಬಳಕೆಯಲ್ಲಿರುವ ಸಿದ್ಧಾಂತ ಅಮೆರಿಕದ ಮನೋವಿಜ್ಞಾನಿ ಜಾಕ್ವೆಲಿನ್ ಎಕ್ಲಸ್ ಅವರದು. ಮಗು ಒಂದು ಕೆಲಸಕ್ಕೆ ಮನಸ್ಸು ಕೊಡುವುದು ಎರಡು ಪ್ರಶ್ನೆಗಳ ಮೇಲೆ: ನನ್ನಿಂದ ಆದೀತೇ? ಆದರೆ ನನಗೆ ಏನು ಬಂದೀತು? ಅದಕ್ಕಾಗಿ ಏನನ್ನು ಕಳೆದುಕೊಳ್ಳಬೇಕು ಎಂಬುದೂ ಎರಡನೆಯ ಪ್ರಶ್ನೆಯೊಳಗೆ ಸೇರಿದೆ. ಕರ್ನಾಟಕದ ಒಂಬತ್ತನೆಯ ತರಗತಿಯಲ್ಲಿ ಅಕ್ಕಪಕ್ಕ ಕೂತಿರುವ ಹುಡುಗಿ, ಹುಡುಗ ಇಬ್ಬರಿಗೂ ಈ ಪ್ರಶ್ನೆಗಳನ್ನು ಹಾಕಿ ನೋಡಿದರೆ ಫಲಿತಾಂಶದ ಆ ಹದಿನೈದು–ಹದಿನಾರು ಅಂಶಗಳ ಅಂತರ ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ.

ಹುಡುಗಿಗೆ ಓದಿನಿಂದ ಬರುವುದು ಏನು? ಮೊದಲನೆಯದಾಗಿ ಕಾಲಾವಕಾಶ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ 21.3 ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ಹಿಂದಿನ ಸುತ್ತಿನಲ್ಲೂ ಇದು ಹೆಚ್ಚುಕಡಿಮೆ ಇಷ್ಟೇ ಇತ್ತು. ಐವರಲ್ಲಿ ಒಬ್ಬಳು. ಉತ್ತರ ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಹುಡುಗಿಗೆ ಅದು ದೂರದ ಅಂಕಿ ಅಲ್ಲ. ಹೋದ ವರ್ಷದವರೆಗೆ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ. ಓದು ನಡೆಯುತ್ತಿರುವಷ್ಟು ದಿನ ‘ಓದ್ತಾ ಇದಾಳೆ’ ಎಂದು ಅಪ್ಪ ಬಂದ ಸಂಬಂಧವನ್ನು ಮುಂದೂಡಬಹುದು. ಫೇಲಾದರೆ ಆ ಮಾತು ಇರುವುದಿಲ್ಲ. ಹುಡುಗ ಫೇಲಾದರೆ ಮರುಪರೀಕ್ಷೆ ಕಟ್ಟುತ್ತಾನೆ. ಹುಡುಗಿ ಫೇಲಾದರೆ ಮನೆಯಲ್ಲಿ ಕೂರುತ್ತಾಳೆ. ಅವಳ ಅಂಕಗಳ ಹಿಂದೆ ಬುದ್ಧಿ ಇದೆ, ಶ್ರಮ ಇದೆ, ಈ ಭಯವೂ ಇದೆ. ಅವಳ ಓದು ಶಾಲೆಯೊಳಗೆ ಉಳಿಯಲಿಕ್ಕಾಗಿ. ಮುಂದೆ ಯಾವ ಕೆಲಸ ಎಂಬ ಪ್ರಶ್ನೆಗೆ ಅವಳ ಯೋಚನೆಯಲ್ಲಿ ಜಾಗವೇ ಇಲ್ಲ, ಯಾಕೆಂದರೆ ಆ ತೀರ್ಮಾನ ತನ್ನ ಕೈಯಲ್ಲಿ ಇರುವುದಿಲ್ಲ ಎಂದು ಅವಳಿಗೆ ಆಗಲೇ ತಿಳಿದಿದೆ. ಡಿಗ್ರಿ ಮುಗಿದ ದಿನ ಅವಳ ಪ್ರೇರಣೆ ನಿಂತುಹೋದಂತೆ ಕಂಡರೆ ಕಾರಣ ಇದು: ಅದು ಉದ್ಯೋಗಕ್ಕೆ ಕಟ್ಟಿದ್ದ ಪ್ರೇರಣೆ ಆಗಿರಲೇ ಇಲ್ಲ.

ಹುಡುಗನ ಲೆಕ್ಕವೇ ಬೇರೆ. ಅವನಿಗೆ ಹದಿನಾಲ್ಕಕ್ಕೇ ದುಡಿಮೆ ಕಣ್ಣೆದುರಿಗಿದೆ. ಗಾರೆ ಕೆಲಸ, ಗ್ಯಾರೇಜು, ಟ್ರ್ಯಾಕ್ಟರ್, ಶಾಮಿಯಾನ, ಊರ ಹಬ್ಬದ ಸೌಂಡ್ ಸಿಸ್ಟಂ, ಹದಿನೆಂಟು ತುಂಬಿದರೆ ಬೈಕು ಹಿಡಿದು ಪಾರ್ಸೆಲ್ ತಲುಪಿಸುವ ಕೆಲಸ. ಯಾವುದಕ್ಕೂ ಅಂಕಪಟ್ಟಿ ಬೇಕಿಲ್ಲ. ಅಸರ್ ಸಮೀಕ್ಷೆಯಲ್ಲಿ ಹಿಂದಿನ ತಿಂಗಳು ಕನಿಷ್ಠ 15 ದಿನ ಮನೆಗೆಲಸವಲ್ಲದ ಬೇರೆ ದುಡಿಮೆ ಮಾಡಿದ ಹುಡುಗರು ಶೇ 40ರಷ್ಟಿದ್ದರು, ಹುಡುಗಿಯರು ಶೇ 28ರಷ್ಟು. ಕಷ್ಟಪಟ್ಟು ಓದಿ ಪಿಯುಸಿ ಪಾಸಾದ ಅಣ್ಣನೂ ಓದು ಬಿಟ್ಟ ಅಣ್ಣನೂ ಬೆಂಗಳೂರಿನಲ್ಲಿ ಒಂದೇ ಕೆಲಸ ಮಾಡುವುದನ್ನು ನೋಡಿದ ತಮ್ಮನಿಗೆ ಓದಿನ ಬೆಲೆ ಕಾಣುವುದು ಹೇಗೆ? ಅವನನ್ನು ಸೋಮಾರಿ ಎನ್ನುವುದು ಸುಲಭ. ಸೇನೆಗೆ ಸೇರಬೇಕೆಂದು ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಇವರೇ ಶ್ರಮಕ್ಕೆ ಹಿಂಜರಿಯುವವರಲ್ಲ. ಗುರಿ ಕಂಡ ಕಡೆ ಅವರು ಮೈ ಮುರಿದು ದುಡಿಯುತ್ತಾರೆ. ಆದರೆ ಆ ಗುರಿಯೂ ಈಗ ಕಿರಿದಾಗಿದೆ. 2022ರಲ್ಲಿ ಬಂದ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಪೈಕಿ ಶೇ 25ರವರೆಗೆ ಮಾತ್ರ ನಾಲ್ಕು ವರ್ಷದ ನಂತರ ಕಾಯಂ ಆಗುತ್ತಾರೆ.

ಹೀಗೆ ಹುಡುಗಿಗೆ ಓದುವ ಹಟವಿದೆ, ಆ ಓದು ಯಾವ ದುಡಿಮೆಗೆ ಎಂಬುದು ಕಾಣುತ್ತಿಲ್ಲ. ಹುಡುಗನಿಗೆ ದುಡಿಯುವ ಹಟವಿದೆ, ಅದಕ್ಕೆ ಓದು ಯಾಕೆ ಎಂಬುದು ಕಾಣುತ್ತಿಲ್ಲ. ನಮ್ಮ ಶಿಕ್ಷಣ ವ್ಯವಸ್ಥೆ ಇವೆರಡನ್ನೂ ಬೆಸೆಯುವ ಕೆಲಸವನ್ನು ಕೈಗೆತ್ತಿಕೊಂಡೇ ಇಲ್ಲ. ಹೆಣ್ಣುಮಕ್ಕಳ ಪ್ರಶ್ನೆ ಬೇರೆ, ಗಂಡುಮಕ್ಕಳ ಪ್ರಶ್ನೆ ಬೇರೆ ಎಂದು ಎರಡು ಕಡತ ಮಾಡಿದರೆ ಎರಡೂ ಬಗೆಹರಿಯುವುದಿಲ್ಲ.

ಮೇ–ಜೂನ್ ತಿಂಗಳಲ್ಲಿ ಪಿಯುಸಿ ಅರ್ಜಿ ತುಂಬುವಾಗ ಇದೆಲ್ಲ ಒಂದು ಹಾಳೆಯ ಮೇಲೆ ಬರುತ್ತದೆ. ಊರಿಗೆ ಹತ್ತಿರದ ಪಿಯು ಕಾಲೇಜಿನಲ್ಲಿ ಆರ್ಟ್ಸ್, ಕಾಮರ್ಸ್ ಇರುತ್ತದೆ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವವಿಜ್ಞಾನ) ಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು, ನೀಟ್, ಸಿಇಟಿ ತರಬೇತಿ ಬೇಕೆಂದರೆ ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜಿಗೆ. ಲ್ಯಾಬ್ ಇರುವ ದಿನ ಸಂಜೆ ಐದು ದಾಟುತ್ತದೆ, ಊರಿಗೆ ಕಡೆಯ ಬಸ್ಸು ಹೊರಟಿರುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಹುಡುಗಿಯರ ಬಸ್ ಚಾರ್ಜಿನ ಚಿಂತೆಯನ್ನು ತೆಗೆದುಹಾಕಿದೆ, ಇದು ಸಣ್ಣದಲ್ಲ. ಆದರೆ ಬಸ್ಸೇ ಇಲ್ಲದ ಹೊತ್ತಿಗೆ ಉಚಿತ ಟಿಕೆಟ್ಟಿನಿಂದ ಏನೂ ಆಗದು. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕರೆ ಸೈನ್ಸ್, ಸಿಗದಿದ್ದರೆ ಆರ್ಟ್ಸ್. ಇದಕ್ಕೆ ನಾವು ಕೊಡುವ ಹೆಸರು ಆಸಕ್ತಿ.

ಮನೆಯೊಳಗಿನ ಸಮಯದ ಲೆಕ್ಕವೂ ಇದೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು 88 ನಿಮಿಷ. ಅಮ್ಮನ ಆ ನಿಮಿಷಗಳಲ್ಲಿ ಒಂದು ಪಾಲು ಹಿರಿಮಗಳ ಹೆಗಲಿಗೆ ಬಿದ್ದಿರುತ್ತದೆ. ಫೋನು ಅಣ್ಣನ ಕೈಯಲ್ಲಿರುತ್ತದೆ: ಅಸರ್ ಪ್ರಕಾರ ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ಹೊಸ ಕೋರ್ಸು, ವಿದ್ಯಾರ್ಥಿವೇತನ, ಅರ್ಜಿಯ ಕಡೆಯ ದಿನ ಎಲ್ಲವೂ ಫೋನಿನಲ್ಲೇ ಸಿಗುವ ಕಾಲ ಇದು.

ಹುಡುಗರಿಗೆ ಮುಚ್ಚಿರುವ ಬಾಗಿಲುಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆರೈಕೆಯ, ಕಲಿಸುವ ಕೆಲಸಗಳು ಹೆಚ್ಚುತ್ತಲೇ ಹೋಗಲಿವೆ; ನಮ್ಮ ರಾಜ್ಯದಲ್ಲಿ ಮುದುಕರ ಸಂಖ್ಯೆ ಏರುತ್ತಿದೆ. ನರ್ಸಿಂಗ್ ಓದುವ ಹುಡುಗರಿದ್ದಾರೆ, ಆದರೆ ‘ಸಿಸ್ಟರ್ ಕೆಲಸ’ ಎಂಬ ಗೇಲಿಯನ್ನು ದಾಟಿಯೇ ಅವರು ಬಂದಿರುತ್ತಾರೆ. ಚಿಕ್ಕ ಮಕ್ಕಳಿಗೆ ಕಲಿಸುವ ಗಂಡಸು ಅಪರೂಪ. ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಹುಡುಗನಿಗೆ ಆ ಗುಣವನ್ನೇ ಹಿಡಿದು ಒಂದು ವೃತ್ತಿ ಮಾಡಿಕೊಳ್ಳಬಹುದು ಎಂದು ಹೇಳುವವರು ಇರುವುದಿಲ್ಲ. ಹುಡುಗಿಯರನ್ನು ಯಂತ್ರದ ಕಡೆ ಕರೆತರುವ ಯೋಜನೆಗಳು ಹತ್ತಾರು. ಹುಡುಗರನ್ನು ಆರೈಕೆಯ ಕಡೆ ಕರೆಯುವ ಯೋಜನೆಯೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಎಲ್ಲಿ ಬದಲಾಯಿತು

ಈ ಅಂದಾಜು ಬದಲಾಗಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಪುರಾವೆಗಳಿವೆ. ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ 11ರಿಂದ 15ರ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಮಾತನಾಡಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೀಸಲಾತಿಯಿಂದಾಗಿ ಎರಡು ಅವಧಿಗೆ ಮಹಿಳೆಯರೇ ಪಂಚಾಯಿತಿ ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ, ಮಗನ ಬಗ್ಗೆ ಇರುವ ಆಸೆಗೂ ಮಗಳ ಬಗ್ಗೆ ಇರುವ ಆಸೆಗೂ ನಡುವಣ ಅಂತರ ತಂದೆತಾಯಿಯರಲ್ಲಿ ಶೇ 20, ಮಕ್ಕಳಲ್ಲಿ ಶೇ 32ರಷ್ಟು ತಗ್ಗಿತ್ತು. ಓದಿನಲ್ಲಿ ಹುಡುಗ–ಹುಡುಗಿಯರ ಅಂತರ ಅಳಿಸಿಹೋಗಿತ್ತು, ಹುಡುಗಿಯರು ಮನೆಗೆಲಸಕ್ಕೆ ಕೊಡುವ ಸಮಯವೂ ಇಳಿದಿತ್ತು. ಒಂದೇ ಅವಧಿ ಸಾಲಲಿಲ್ಲ ಎಂಬುದನ್ನು ಗಮನಿಸಬೇಕು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿಯನ್ನು 1980ರ ದಶಕದಲ್ಲೇ ತಂದು, ಈಗ ಅದನ್ನು ಶೇ 50ಕ್ಕೆ ಏರಿಸಿರುವ ಕರ್ನಾಟಕಕ್ಕೆ ಈ ಫಲಿತಾಂಶ ಪರಕೀಯವಲ್ಲ. ಆದರೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡ ಕೂತು ಮಾತನಾಡುವ ಕಡೆ ಮಕ್ಕಳು ಕಲಿಯುವ ಪಾಠ ಬೇರೆ.

ಇನ್ನೊಂದು ಪ್ರಯೋಗ ಉತ್ತರ ಭಾರತದ್ದು. ದೆಹಲಿಯ ಸುತ್ತಲಿನ ರಾಜ್ಯಗಳ ಹಳ್ಳಿಗಳಿಗೆ ಬಿಪಿಒ (ಕಾಲ್ ಸೆಂಟರ್‌ನಂಥ ಹೊರಗುತ್ತಿಗೆ) ಕಂಪನಿಗಳಿಗೆ ಆಳು ಹುಡುಕುವವರನ್ನು ಮೂರು ವರ್ಷ ಕಳುಹಿಸಲಾಯಿತು. ಹೆಣ್ಣುಮಕ್ಕಳಿಗೆ ಕೆಲಸ ಕೊಡುವವರು ಊರಿಗೆ ಬಂದರು, ಅಷ್ಟೇ. ಯುವತಿಯರ ಮದುವೆ ತಡವಾಯಿತು, ಕೆಲಸಕ್ಕೆ ಹೋಗುವವರು ಹೆಚ್ಚಾದರು. ಇನ್ನೂ ಶಾಲೆಯಲ್ಲಿದ್ದ ಹುಡುಗಿಯರ ಓದು ಮುಂದುವರಿಯಿತು, ಅವರ ಮೈತೂಕವೂ ಸುಧಾರಿಸಿತು. ಕೆಲಸ ಕಣ್ಣಿಗೆ ಕಂಡಾಗ ಮನೆಯವರು ಮಗಳ ಊಟದ ಬಗ್ಗೆಯೂ ಬೇರೆ ರೀತಿ ಯೋಚಿಸಿದರು.

ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ನಡೆದ ಅಧ್ಯಯನ ಮಾತ್ರ ಎಚ್ಚರಿಕೆಯನ್ನೂ ಕೊಡುತ್ತದೆ. ಇವುಗಳಲ್ಲಿ ಅರ್ಧದಷ್ಟು ಶಾಲೆಗಳ ಏಳು–ಎಂಟನೆಯ ತರಗತಿಯ ಮಕ್ಕಳೊಡನೆ ಎರಡೂವರೆ ವರ್ಷ ಹೆಣ್ಣು–ಗಂಡಿನ ಸಮಾನತೆಯ ಬಗ್ಗೆ ಚರ್ಚೆ ನಡೆಸಲಾಯಿತು. ಮಕ್ಕಳ ನಿಲುವು ಬದಲಾಯಿತು, ಎರಡು ವರ್ಷದ ನಂತರವೂ ಉಳಿದಿತ್ತು; ಮನೆಗೆಲಸಕ್ಕೆ ಕೈಹಾಕುತ್ತೇವೆ ಎಂದ ಹುಡುಗರು ಹೆಚ್ಚಾದರು. ಹುಡುಗಿಯರ ಓದಿನ ಆಕಾಂಕ್ಷೆ ಮಾತ್ರ ಅಲುಗಲಿಲ್ಲ, ಯಾಕೆಂದರೆ ಅದು ಮೊದಲೇ ಎತ್ತರದಲ್ಲಿತ್ತು. ‘ದೊಡ್ಡ ಕನಸು ಕಾಣಿ’ ಎಂದು ಹುಡುಗಿಯರಿಗೆ ಭಾಷಣ ಮಾಡುವವರೆಲ್ಲ ಇದನ್ನು ಓದಬೇಕು. ಕನಸು ಅವರಲ್ಲಿ ಬೇಕಾದಷ್ಟಿದೆ. ಇಲ್ಲದಿರುವುದು ಅಪ್ಪಣೆ, ಹಾಸ್ಟೆಲ್, ಬಸ್ಸು, ಕೆಲಸದ ಸುಳಿವು.

ಐಐಟಿಗಳ ಅನುಭವವೂ ಇದನ್ನೇ ಹೇಳುತ್ತದೆ. 2018ರಲ್ಲಿ ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಸೃಷ್ಟಿಸಿದ ಮೇಲೆ ಶೇ 10ರ ಒಳಗಿದ್ದ ಅವರ ಪಾಲು ಎರಡು ವರ್ಷದಲ್ಲಿ ಶೇ 20ಕ್ಕೆ ಬಂತು. ಆ ಹುಡುಗಿಯರ ಆಸಕ್ತಿ ಎರಡೇ ವರ್ಷದಲ್ಲಿ ಇಮ್ಮಡಿಯಾಯಿತೆಂದು ಯಾರಾದರೂ ಹೇಳುತ್ತಾರೆಯೇ?

ನಮ್ಮ ರಾಜ್ಯದಲ್ಲಿ ವೃತ್ತಿ ಮಾರ್ಗದರ್ಶನ ಎನ್ನುವುದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಆಸುಪಾಸಿನಲ್ಲಿ ನಡೆಯುವ ಒಂದು ದಿನದ ಕಾರ್ಯಕ್ರಮ. ವೇದಿಕೆ, ಹಾರ, ‘ಎಸ್ಸೆಸ್ಸೆಲ್ಸಿ ನಂತರ ಮುಂದೇನು’ ಎಂಬ ಕೈಪಿಡಿ. ಅಷ್ಟರಲ್ಲಿ ಮಕ್ಕಳ ಮನಸ್ಸಿನಲ್ಲಿ ಆಯ್ಕೆ ಮುಗಿದು ಎರಡು ವರ್ಷವಾಗಿರುತ್ತದೆ. ಈ ಕೆಲಸ ಏಳನೆಯ ತರಗತಿಯಲ್ಲಿ ಶುರುವಾಗಬೇಕು, ಭಾಷಣವಾಗಿ ಅಲ್ಲ. ತಾಲ್ಲೂಕಿನ ಕೆಎಂಎಫ್ ಹಾಲು ಶೀತಲ ಘಟಕ, ವಿದ್ಯುತ್ ಕಂಪನಿಯ (ಎಸ್ಕಾಂ) ಉಪಕೇಂದ್ರ, ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯ, ಭೂಮಾಪನ ಕಚೇರಿ, ಕೆಎಸ್‌ಆರ್‌ಟಿಸಿ ಡಿಪೊ, ಐಟಿಐ ವರ್ಕ್‌ಶಾಪ್ ಬಹುತೇಕ ಕಡೆ ಹತ್ತಿಪ್ಪತ್ತು ಕಿಲೊಮೀಟರ್ ಒಳಗೆ ಇವೆ. ಮಕ್ಕಳು ಅಲ್ಲಿಗೆ ಹೋಗಿ ಅರ್ಧ ದಿನ ಇದ್ದು, ಕೆಲಸ ಮಾಡುವವರನ್ನು ಸಂಬಳ ಎಷ್ಟು, ಏನು ಓದಬೇಕು, ರಾತ್ರಿ ಪಾಳಿ ಇದೆಯೇ ಎಂದು ಕೇಳಿ ಬರಲಿ. ಸ್ಪ್ಯಾನರ್ ಹುಡುಗಿಯ ಕೈಗೂ ಬರಲಿ, ಬಿಪಿ ಅಳೆಯುವ ಪಟ್ಟಿ ಹುಡುಗನ ಕೈಗೂ. ಇಸ್ರೊದಲ್ಲಿ ಚಂದ್ರಯಾನ–2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಆದಿತ್ಯ–ಎಲ್1ರ ನಿಗಾರ್ ಶಾಜಿ ಅವರ ಹೆಸರು ಮಕ್ಕಳಿಗೆ ತಿಳಿದಿರಬೇಕು ನಿಜ. ಆದರೆ ಅದೇ ತಾಲ್ಲೂಕಿನಲ್ಲಿ ವಿದ್ಯುತ್ ಲೈನಿನ ಉಸ್ತುವಾರಿ ನೋಡುವ ಹೆಣ್ಣು ಎಂಜಿನಿಯರ್ ಒಬ್ಬರು ಶಾಲೆಗೆ ಬಂದು, ತಮ್ಮ ಮನೆಯವರನ್ನು ಹೇಗೆ ಒಪ್ಪಿಸಿದೆ ಎಂದು ಹೇಳಿದರೆ ಅದರ ಬಲ ಹೆಚ್ಚು. ಎಟುಕುವ ದೂರದಲ್ಲಿರುವವರನ್ನು ನೋಡಿಯೇ ಮಗು ಅಂದಾಜು ಹಾಕುವುದು.

ತಂದೆತಾಯಿಯರನ್ನು ಅಂಕ ಕೇಳಲು ಮಾತ್ರ ಶಾಲೆಗೆ ಕರೆಯುವುದು ನಿಲ್ಲಬೇಕು. ಎಂಟನೆಯ ತರಗತಿಯ ಮಗಳ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ, ಈ ಊರಿನಿಂದ ಪಿಸಿಎಂಬಿ ಓದಲು ಯಾವ ಕಾಲೇಜು, ಯಾವ ಹಾಸ್ಟೆಲ್, ಖರ್ಚೆಷ್ಟು, ಯಾವ ವಿದ್ಯಾರ್ಥಿವೇತನ ಎಂದು ಎರಡು ವರ್ಷ ಮೊದಲೇ ಹೇಳಿದರೆ ಮೇ ತಿಂಗಳ ಅವಸರದಲ್ಲಿ ‘ದೂರ ಕಳ್ಸಕ್ಕಾಗಲ್ಲ’ ಎಂಬ ಒಂದೇ ಮಾತಿಗೆ ಎಲ್ಲವೂ ಮುಗಿಯುವುದಿಲ್ಲ. ಪಿಯು ಇಲಾಖೆ ಹೋಬಳಿ ಮಟ್ಟದ ಕಾಲೇಜುಗಳಲ್ಲಿ ವಿಜ್ಞಾನ ವಿಭಾಗ ತೆರೆಯುವುದು, ಬಾಲಕಿಯರ ಹಾಸ್ಟೆಲ್ ಸೀಟುಗಳನ್ನು ಹೆಚ್ಚಿಸುವುದು, ಲ್ಯಾಬ್ ಮುಗಿಯುವ ಹೊತ್ತಿಗೆ ಒಂದು ಬಸ್ಸು ಬಿಡುವುದು ದೊಡ್ಡ ತತ್ವದ ಮಾತುಗಳಲ್ಲ, ಬಜೆಟ್ಟಿನ ಸಾಲುಗಳು. ಹುಡುಗರಿಗೂ ಇಷ್ಟೇ ಬೇಗ ಕೈ ಹಾಕಬೇಕು: ಎಂಟನೆಯ ತರಗತಿಯಲ್ಲೇ ಓದು–ದುಡಿಮೆಯ ನಂಟು ತೋರಿಸುವ ಕೌಶಲ ತರಗತಿಗಳು, ಐಟಿಐ, ಜಿಟಿಟಿಸಿಗಳಂಥ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಡೆಗೆ ನೇರ ದಾರಿ, ಫೇಲಾದವನನ್ನು ಜೂನ್‌ನಲ್ಲೇ ಹುಡುಕಿ ಮರುಪರೀಕ್ಷೆಗೆ ಕೂರಿಸುವ ಹೊಣೆ ಒಬ್ಬ ಶಿಕ್ಷಕರಿಗೆ.

ಶಿಕ್ಷಣ ಇಲಾಖೆಯ ಬಳಿ ಪ್ರತಿ ಮಗುವಿನ ಗುರುತಿನ ಸಂಖ್ಯೆ ಇದೆ, ಅಂಕಗಳಿವೆ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ 80ಕ್ಕಿಂತ ಹೆಚ್ಚು ತೆಗೆದ ಹುಡುಗಿಯರಲ್ಲಿ ಎಷ್ಟು ಮಂದಿ ಪಿಯುಸಿಯಲ್ಲಿ ಗಣಿತ ಬಿಟ್ಟರು, ಯಾವ ತಾಲ್ಲೂಕಿನಲ್ಲಿ ಹೆಚ್ಚು, ಅಲ್ಲಿ ವಿಜ್ಞಾನ ಕಾಲೇಜು ಎಷ್ಟು ದೂರ ಎಂಬ ಲೆಕ್ಕವನ್ನು ಪ್ರತಿ ಜುಲೈನಲ್ಲಿ ತಾಲ್ಲೂಕುವಾರು ಪ್ರಕಟಿಸಲಿ. ಫೇಲಾಗಿ ಮತ್ತೆ ಬಾರದ ಹುಡುಗರ ಲೆಕ್ಕವೂ ಅದರ ಪಕ್ಕದಲ್ಲೇ ಇರಲಿ.